ಹುಣಸೆಯ ಮರಕ್ಕೆ ಎಷ್ಟು ನೆಲ?

ಕಳೆದ ವೈಶಾಖ ಮಾಸದಲ್ಲಿ ಹಾಸನ ಜಿಲ್ಲೆಯ ಒಂದು ಪಟ್ಟಣಕ್ಕೆ ನಾವು ಹೋಗಬೇಕಾದ ಪ್ರಸಂಗ ಒದಗಿತು. ಅಲ್ಲಿನ ನಮ್ಮ ಸಮಾಜದ ಕಲ್ಯಾಣಮಂಟಪದ ಮುಂದೆ ಒಂದು ಹಳೆಯ ಹುಣಸೆಯ ಮರವಿದೆ. ಅರ್ಧ ಕಾಂಪೌಂಡಿನ ಒಳಗೆ, ಅರ್ಧ ರಸ್ತೆಯ ಕಡೆಗೆ ಎಂಬಂತೆ ನಿಂತಿರುವ ಮರ. ಮಂಟಪವನ್ನು ನವೀಕರಿಸಿ, ಮುಂಭಾಗದಲ್ಲಿ ಕಾರುಗಳನ್ನು ನಿಲ್ಲಿಸಲು ಅನುಕೂಲ ಮಾಡಬೇಕೆಂದು ಹೊರಟ ಸಮಿತಿಯವರಲ್ಲಿ ಈ ಮರದ ವಿಷಯವಾಗಿ ಭಿನ್ನಾಭಿಪ್ರಾಯ ಉಂಟಾಗಿ, ಹೊರಗಿನ ಹಿರಿಯರೊಬ್ಬರನ್ನು ಕರೆಸಿ ಕೇಳೋಣವೆಂದು ತೀರ್ಮಾನಿಸಿದ್ದರಂತೆ. ಆ ಹಿರಿತನ ನಮ್ಮ ಪಾಲಿಗೆ ಬಂದಿತ್ತು.

ಸಭೆ ಮಧ್ಯಾಹ್ನದ ಮೇಲೆ ಇದ್ದುದರಿಂದ ಬೆಳಗಿನ ಹೊತ್ತಿನಲ್ಲಿ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆಗೆ ತಿರುಗಿ ಜಿನನಾಥಪುರವನ್ನು ನೋಡಿಕೊಂಡು ಹೋದೆವು. ಚಿಕ್ಕಬೆಟ್ಟದ ಆಚೆ ಮಗ್ಗುಲಿನಲ್ಲಿರುವ ಈ ಸಣ್ಣ ಊರು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ನೆಲೆಗೊಳಿಸಿದ್ದು. ಇಲ್ಲಿಯ ಶಾಂತಿನಾಥ ಬಸದಿ ಸುಮಾರು ಕ್ರಿ.ಶ. 1200ರದು; ಇಮ್ಮಡಿ ಬಲ್ಲಾಳನ ಕಾಲದ ರೇಚಣ ದಂಡನಾಯಕನು ಕಟ್ಟಿಸಿದ್ದು. ಶ್ರವಣಬೆಳಗೊಳಕ್ಕೆ ಬಂದವರಲ್ಲಿ ಬಹುಮಂದಿ ಗೊಮ್ಮಟನ ದರ್ಶನ ಮುಗಿಸಿ ಹಾಗೆಯೇ ಹಿಂದಿರುಗುತ್ತಾರೆ. ಇಷ್ಟು ಸಮೀಪದಲ್ಲಿ ಇಂಥ ಕೆತ್ತನೆಯ ಹೊರಗೋಡೆ ಇದೆಯೆಂಬುದು ಅವರಿಗೆ ತಿಳಿಯುವುದಿಲ್ಲ. ಬೇರೆ ಸಮಯದವರ ಗುಡಿಯಾದರೂ ಅಲ್ಲಿ ಒಂದು ಗಳಿಗೆ ಕುಳಿತುಕೊಳ್ಳುವುದು ಮನಸ್ಸಿಗೆ ಹಿತವಾದ ಅನುಭವ.

ಆದರೆ ಅಂದು ನಮ್ಮ ಗಮನವನ್ನು ಸೆಳೆದದ್ದು ಕೆತ್ತನೆಗಿಂತ ಹೆಚ್ಚಾಗಿ ಪ್ರಾಚ್ಯವಸ್ತು ಇಲಾಖೆಯ ಫಲಕ. ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ರಕ್ಷಿಸುವ 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಇಂಥ ಸ್ಮಾರಕದ ಸುತ್ತ 100 ಮೀಟರ್ ದೂರದವರೆಗೆ ಹೊಸ ಕಟ್ಟಡವೆಂಬುದೇ ಇಲ್ಲ. ಅಲ್ಲಿಂದ ಮುಂದಕ್ಕೆ ಇನ್ನೂ 200 ಮೀಟರ್‌ವರೆಗೆ ಅನುಮತಿಯಿಲ್ಲದೆ ಏನನ್ನೂ ಕಟ್ಟುವಂತಿಲ್ಲ. ಎಂಟುನೂರು ವರ್ಷದ ಕಲ್ಲಿಗೆ ಈ ಗೌರವ ಸಲ್ಲತಕ್ಕದ್ದೇ. ನಾವು ಮರಳಿ ವಾಹನವನ್ನೇರಿದಾಗ ತಲೆಯಲ್ಲಿ ಸುಳಿದಾಡುತ್ತಿದ್ದದ್ದು ಒಂದೇ ಲೆಕ್ಕ: ಉಸಿರಾಡದ ಕಲ್ಲಿಗೆ 100 ಮೀಟರ್ ನೆಲವನ್ನು ಬಿಟ್ಟುಕೊಟ್ಟಿರುವ ನಾವು, ಉಸಿರಾಡುವ ಮರದ ಬುಡಕ್ಕೆ ಒಂದು ಮೀಟರ್ ನೆಲವನ್ನು ಬಿಡಲು ಏಕೆ ಹಿಂದೆಗೆಯುತ್ತೇವೆ?

ಒಂದು ಮೀಟರ್ ಎಂದುದು ಬಾಯಿಗೆ ಬಂದ ಮಾತಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಅಧಿಕಾರಿಗಳಿಗೆ, ಬೀದಿಬದಿಯ ಮರಗಳ ಕಾಂಡದ ಸುತ್ತ ಒಂದು ಮೀಟರ್ ಅಂತರದಲ್ಲಿ ಹಾಕಿರುವ ಕಾಂಕ್ರೀಟನ್ನು ಕಿತ್ತು ತೆಗೆಯಬೇಕೆಂದು ಆಜ್ಞೆ ಮಾಡಿತು. ಮರಕ್ಕೆ ಅಂಟಿಸಿದ ಫಲಕ, ಹೊಡೆದ ಮೊಳೆ, ಸುತ್ತಿದ ತಂತಿ ಇವೆಲ್ಲವನ್ನೂ ತೆಗೆಯಬೇಕೆಂದೂ ಹೇಳಿತು. ನ್ಯಾಯಪೀಠವೊಂದು ಇಷ್ಟು ಸಣ್ಣ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದೇ ನಮ್ಮ ಪಟ್ಟಣಗಳ ಸ್ಥಿತಿಗೆ ಕನ್ನಡಿ. ನಮ್ಮ ಊರುಗಳಲ್ಲಿ ಮನೆಪಾಠದ ಜಾಹೀರಾತಿನ ಮೊಳೆ ಬೀಳದ ಒಂದು ಮರವನ್ನು ತೋರಿಸಿದವರಿಗೆ ನಾವು ಪ್ರಸಾದದ ಜೊತೆಗೆ ದಕ್ಷಿಣೆಯನ್ನೂ ಕೊಡಲು ಸಿದ್ಧ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಳ್ಳದೆ ಮುಂದುವರಿಯುವುದು ಸರಿಯಲ್ಲ. ನಾವು ಬಾಲ್ಯದಲ್ಲಿ ಓದಿದ ಮಠದ ಅಂಗಳದಲ್ಲಿ ಒಂದು ನೇರಳೆಯ ಮರವಿತ್ತು. ಅದರ ಬುಡದಲ್ಲಿಯೇ ನಮ್ಮ ವ್ಯಾಕರಣ ಪಾಠ ನಡೆಯುತ್ತಿದ್ದದ್ದು. ಆಷಾಢದಲ್ಲಿ ಹಣ್ಣು ಉದುರುತ್ತಿದ್ದಾಗ ಸಂಧಿ ಸಮಾಸಗಳ ಕಡೆಗೆ ಯಾರ ಲಕ್ಷ್ಯವೂ ಇರುತ್ತಿರಲಿಲ್ಲ. ಗುರುಗಳು ಬೈದಂತೆ ಮಾಡಿ, ಒಂದು ಬುಟ್ಟಿ ಹಣ್ಣನ್ನು ಆರಿಸಿ ತರುವಂತೆ ತಾವೇ ಹೇಳುತ್ತಿದ್ದರು. ಮುಂದೆ ಎಷ್ಟೋ ವರ್ಷಗಳ ತರುವಾಯ ಮಠದಲ್ಲಿ ದೊಡ್ಡದೊಂದು ಸಮಾರಂಭ ನಡೆಯಬೇಕಾಗಿ ಬಂದಾಗ ಅಂಗಳವೆಲ್ಲ ಕೆಸರಾಗುತ್ತದೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಾಂಕ್ರೀಟ್ ಹಾಕಿಸಿದೆವು. ಮರದ ಸುತ್ತ ಚೆಂದವಾಗಿ ಗ್ರಾನೈಟಿನ ಕಟ್ಟೆ ಕಟ್ಟಿಸಿ, ಒಳಗೆ ಎರಡು ಅಡಿ ಎತ್ತರಕ್ಕೆ ಮಣ್ಣು ತುಂಬಿಸಿದೆವು. ಚಂದಾ ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತು. ಮರಕ್ಕೆ ಗೌರವ ಮಾಡಿದೆವೆಂದೇ ನಾವೆಲ್ಲ ತಿಳಿದಿದ್ದೆವು. ಮರುವರ್ಷ ಹಣ್ಣು ಕಡಿಮೆಯಾಯಿತು. ಮೂರನೆಯ ವರ್ಷ ತುದಿಯ ಕೊಂಬೆಗಳು ಒಣಗಿದವು. ಐದನೆಯ ವರ್ಷ ಮರ ಸತ್ತಿತು. ಯಾವುದೋ ಹುಳು ಬಿದ್ದಿತೆಂದು ಎಲ್ಲರೂ ಅಂದುಕೊಂಡರು. ನಾವೂ ಹಾಗೆಯೇ ಅಂದುಕೊಂಡೆವು.

ಹುಳುವಲ್ಲ, ಆ ಮರವನ್ನು ಕೊಂದವರು ನಾವೇ ಎಂಬುದು ತಿಳಿದದ್ದು ಬಹುಕಾಲದ ಮೇಲೆ, ತೋಟಗಾರಿಕೆಯನ್ನು ಬಲ್ಲ ಸ್ನೇಹಿತರೊಬ್ಬರು ಬಿಡಿಸಿ ಹೇಳಿದಾಗ. ಮರದ ಬೇರೆಂದರೆ ಪಾತಾಳಕ್ಕೆ ಇಳಿದ ಒಂದು ಗೂಟವೆಂದು ನಾವು ಭಾವಿಸುತ್ತೇವೆ. ನೀರನ್ನೂ ಸಾರವನ್ನೂ ಹೀರುವ ಕೂದಲೆಳೆಯಂಥ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಪದರದ ಒಂದೆರಡು ಅಡಿಯೊಳಗೆಯೇ ಇರುತ್ತವೆ. ಅವು ಕೊಂಬೆಗಳ ಹರವನ್ನು ಮೀರಿ ಬಹುದೂರ ಹರಡಿಕೊಂಡಿರುತ್ತವೆ. ಅವಕ್ಕೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮೇಲೆ ಕಾಂಕ್ರೀಟ್ ಬಿದ್ದರೆ ಎರಡೂ ನಿಲ್ಲುತ್ತವೆ. ಕಾಂಡದ ಬುಡದಲ್ಲಿ ಮಣ್ಣು ಪೇರಿಸಿದರೆ ತೊಗಟೆ ತೇವಗೊಂಡು ಕೊಳೆಯುತ್ತದೆ. ದೊಡ್ಡ ಮರದ ಒಡಲಲ್ಲಿ ಸಂಗ್ರಹವಿರುವುದರಿಂದ ಅದು ಒಡನೆಯೇ ಸಾಯುವುದಿಲ್ಲ. ಉಪವಾಸವಿದ್ದು ನಾಲ್ಕಾರು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕಾಂಕ್ರೀಟ್ ಹಾಕಿಸಿದವರಿಗೆ ಅದು ಮರೆತೇ ಹೋಗಿರುತ್ತದೆ.

ಹಳ್ಳಿಯ ಅರಳಿಕಟ್ಟೆಗಳನ್ನು ಕಟ್ಟಿದ ಹಿಂದಿನವರು ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸುತ್ತಿದ್ದರು. ಸಂದಿಗಳಲ್ಲಿ ನೀರು ಇಳಿಯುತ್ತಿತ್ತು, ಬೇರು ಬೇಕಾದಾಗ ಕಲ್ಲನ್ನು ಸ್ವಲ್ಪ ಸರಿಸಿಕೊಳ್ಳುತ್ತಿತ್ತು. ಅವರು ಶಾಸ್ತ್ರ ಓದಿ ಮಾಡಿದ್ದಲ್ಲ, ಗಾರೆಗೆ ದುಡ್ಡಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಮರ ಉಳಿಯಿತೆಂಬುದು ಮಾತ್ರ ನಿಜ.

ಇರಲಿ. ಸಭೆಯ ವಿಚಾರಕ್ಕೆ ಬರೋಣ. ಸಮಿತಿಯ ಅಧ್ಯಕ್ಷರು ಮೃದು ಸ್ವಭಾವದ ಗೃಹಸ್ಥರು. ಅವರ ಮಾತು ಸರಳವಾಗಿತ್ತು: “ಗುರುಗಳೇ, ಮದುವೆಗೆ ಬಂದವರು ಕಾರು ನಿಲ್ಲಿಸಲು ಜಾಗವಿಲ್ಲವೆಂದು ಬೇರೆ ಮಂಟಪಕ್ಕೆ ಹೋಗುತ್ತಿದ್ದಾರೆ. ಮಂಟಪದ ಆದಾಯದಿಂದಲೇ ನಮ್ಮ ಹಾಸ್ಟೆಲಿನ ಐವತ್ತು ಮಕ್ಕಳ ಊಟ ನಡೆಯಬೇಕು. ಒಂದು ಮರಕ್ಕಾಗಿ ಅದನ್ನು ಬಿಡುವುದೇ?” ಇದು ತಳ್ಳಿಹಾಕುವ ಮಾತಲ್ಲ. ಮರದ ಪರವಾಗಿ ಮಾತಾಡುವವರು ಎದುರಿಗಿರುವವರನ್ನು ಕಟುಕರೆಂದು ಕರೆದುಬಿಟ್ಟರೆ ಕೆಲಸ ಕೆಡುತ್ತದೆ.

ಇನ್ನೊಬ್ಬ ಸದಸ್ಯರು ಸಿದ್ಧಾಂತವನ್ನೇ ಮುಂದಿಟ್ಟರು. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿ ಎಂದಲ್ಲವೇ ಶರಣರು ಹೇಳಿದ್ದು, ಮರಕ್ಕೆ ದಾರ ಸುತ್ತುವುದು, ಪ್ರದಕ್ಷಿಣೆ ಹಾಕುವುದು ನಮ್ಮ ಮಾರ್ಗವೇ ಅಲ್ಲ, ಅದರಲ್ಲೂ ಹುಣಸೆಯ ಮರ ಭೂತಪ್ರೇತಗಳ ನೆಲೆಯೆಂದು ಹೆಂಗಸರು ಹೆದರುತ್ತಾರೆ ಎಂದರು. ಒಂದೇ ಉಸಿರಿನಲ್ಲಿ ಮೂಢನಂಬಿಕೆಯನ್ನು ಖಂಡಿಸಿ, ಅದೇ ಉಸಿರಿನಲ್ಲಿ ಭೂತಕ್ಕೆ ಹೆದರಿದ ಈ ವಾದಕ್ಕೆ ಸಭೆಯಲ್ಲಿ ನಗು ಬಂತು. ನಾವು ಅವರಿಗೆ ಹೇಳಿದ್ದು ಇಷ್ಟು: ಮರವನ್ನು ಪೂಜಿಸಿರೆಂದು ನಾವು ಹೇಳುತ್ತಿಲ್ಲ. ಸ್ಥಾವರವೆಂದು ಶರಣರು ಹಿಂದಕ್ಕೆ ಸರಿಸಿದ್ದು ಜಡವಾಗಿ ನಿಂತ ಕಟ್ಟಡವನ್ನು, ದಾನದ ಅಹಂಕಾರವನ್ನು. ಮರವಾದರೋ ನಿಂತಲ್ಲಿಯೇ ನಿಂತು ನಿತ್ಯ ಬೆಳೆಯುವ, ಉಣಿಸುವ ಜೀವ. ಅಕ್ಕಮಹಾದೇವಿ ಕದಳಿಯ ವನವನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ನಡೆದಳೆಂಬುದನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಕಾಂಕ್ರೀಟಿನ ಅಂಗಳವನ್ನು ಹುಡುಕಿಕೊಂಡು ಹೋದಳೆಂದು ಯಾರೂ ಹೇಳುವುದಿಲ್ಲ.

ಹುಣಸೆಯ ಮರಕ್ಕೆ ನಮ್ಮ ನಾಡಿನಲ್ಲಿ ಸಲ್ಲಬೇಕಾದ ಮಾನ ಸಂದಿಲ್ಲ. ಅರಳಿ, ಬೇವು, ಬಿಲ್ವಗಳಿಗೆ ಭಕ್ತಿಯ ರಕ್ಷೆಯಿದೆ. ಹುಣಸೆಗೆ ಸಾರಿನಲ್ಲಿ ಮಾತ್ರ ಸ್ಥಾನ! ಆದರೂ ಕರ್ನಾಟಕದಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಮೊಟ್ಟಮೊದಲು, 2007ರಲ್ಲಿ, ಘೋಷಿತವಾದದ್ದು ದೇವನಹಳ್ಳಿಯ ಸಮೀಪದ ನಲ್ಲೂರಿನ ಹುಣಸೆಯ ತೋಪು. ಸುಮಾರು 54 ಎಕರೆ ನೆಲದಲ್ಲಿ ಶತಮಾನಗಳನ್ನು ಕಂಡ ಮರಗಳು ಅಲ್ಲಿವೆ. ಹಳೆಯ ಮೈಸೂರು ಸೀಮೆಯ ಪ್ರತಿಯೊಂದು ಊರಿಗೂ ಇಂಥದೇ ಒಂದು ಗುಂಡುತೋಪು ಇರುತ್ತಿತ್ತು. ಮಾವು, ನೇರಳೆ, ಹಿಪ್ಪೆ, ಹೊಂಗೆ, ಹುಣಸೆ. ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ನೆರಳು. ಸಂತೆಯ ದನಗಳು, ದಾರಿಹೋಕರು, ಜಾತ್ರೆಯ ಗಾಡಿಗಳು ಬಂದು ಇಳಿದುಕೊಳ್ಳುತ್ತಿದ್ದದ್ದು ಅಲ್ಲಿಯೇ. ಊರು ಪಟ್ಟಣವಾಗಿ ಬೆಳೆದಲ್ಲೆಲ್ಲ ಆ ತೋಪುಗಳ ಜಾಗ ಬಸ್ ನಿಲ್ದಾಣವೋ ಕಚೇರಿಯೋ ಬಡಾವಣೆಯೋ ಆಯಿತು.

ಮಠದ ಆವರಣದಲ್ಲಿ ಮಹಾವೃಕ್ಷವನ್ನು ಉಳಿಸಿಕೊಂಡ ಉದಾಹರಣೆಯನ್ನು ಕೇಳಿದರೆ ನಾವು ಹಾವೇರಿ ಜಿಲ್ಲೆಯ ಸವಣೂರನ್ನು ತೋರಿಸುತ್ತೇವೆ. ಪಟ್ಟಣದ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಬೃಹತ್ ಮರಗಳಿದ್ದವು. ಹೆಸರು ದೊಡ್ಡಹುಣಸೆಯಾದರೂ ಅವು ಹುಣಸೆಯಲ್ಲ. ಆಫ್ರಿಕಾ ಖಂಡದ ಮೂಲದ ಬಾವೊಬಾಬ್ ಜಾತಿಯವು. ಕಾಯಿಯ ತಿರುಳು ಹುಳಿಯಾದ್ದರಿಂದ ನಮ್ಮ ಜನ ಅದನ್ನು ಹುಣಸೆಯ ಮನೆತನಕ್ಕೆ ಸೇರಿಸಿಕೊಂಡರು. ಸಮುದ್ರದಾಚೆಯಿಂದ ಯಾವ ಕಾಲದಲ್ಲಿಯೋ ಬಂದ ಮರಕ್ಕೆ ಮಠವೇ ತನ್ನ ಹೆಸರಿನಲ್ಲಿ ಜಾಗ ಕೊಟ್ಟಿತೆಂಬುದು ಎಂಥ ಸೊಗಸು. ಹಲವು ಜನ ಕೈ ಕೈ ಹಿಡಿದರೂ ತಬ್ಬಲಾಗದ ಅವುಗಳ ಕಾಂಡ ಒಳಗೆ ಮೆತ್ತನೆಯದು. ಮಳೆಯ ನೀರನ್ನು ಹೀರಿ ಇಟ್ಟುಕೊಳ್ಳುವ ಹಗೇವಿನಂತೆ ಅದರ ಕೆಲಸ. 2023ರ ಜುಲೈ ತಿಂಗಳ ಮಳೆಯಲ್ಲಿ ಮೂರರಲ್ಲಿ ಒಂದು ಮರ ಬುಡಸಹಿತ ಉರುಳಿತು. ಬಿದ್ದ ಮರವನ್ನು ಸೌದೆ ಮಾಡದೆ, ತಜ್ಞರನ್ನು ಕರೆಸಿ, ಯಂತ್ರಗಳ ನೆರವಿನಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಸಾವಿರಾರು ಜನ ಸೇರಿ ಎತ್ತುವ ತೇರನ್ನು ನೋಡಿದ್ದೇವೆ. ಒಂದು ಮರವನ್ನು ಎತ್ತಿ ನಿಲ್ಲಿಸಿದ ಸುದ್ದಿಯನ್ನು ಓದಿದ್ದು ಅಪರೂಪ.

ಸಭೆಯಲ್ಲಿ ತರುಣ ಇಂಜಿನಿಯರರೊಬ್ಬರು, “ಹಾಗಾದರೆ ಇದನ್ನೂ ಕಿತ್ತು ಹಿಂದುಗಡೆ ನೆಡೋಣ” ಎಂದು ಸಲಹೆ ಮಾಡಿದರು. ಆಲ, ಅರಳಿ, ಅತ್ತಿಯ ಜಾತಿಯವು ಸ್ಥಳಾಂತರವನ್ನು ಸಾಕಷ್ಟು ತಾಳಿಕೊಳ್ಳುತ್ತವೆ. ಆಳವಾಗಿ ತಾಯಿಬೇರು ಬಿಟ್ಟ ಹಳೆಯ ಹುಣಸೆಗೆ ಅದು ಬಹುಮಟ್ಟಿಗೆ ಮರಣದಂಡನೆಯೇ. ಸ್ಥಳಾಂತರವೆಂಬ ಮಾತು ಈಚೆಗೆ ಕಡಿಯುವವರಿಗೆ ಒಂದು ಸಮಾಧಾನದ ಮಂತ್ರವಾಗಿಬಿಟ್ಟಿದೆ.

“ಒಂದು ಹೋದರೆ ಹತ್ತು ನೆಡೋಣ” ಎಂಬುದು ಇನ್ನೊಂದು ಮಂತ್ರ. ನೆಡುವುದನ್ನು ನಾವು ಹಗುರವಾಗಿ ಕಾಣುವವರಲ್ಲ. ಬೆಂಗಳೂರಿನ ಇಂದಿನ ಹಿರಿಯ ಮರಗಳೆಲ್ಲ ಹೀಗೆ ಯಾರೋ ನೆಟ್ಟವೇ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ವರ್ಷದ ಯಾವ ತಿಂಗಳಲ್ಲಾದರೂ ಒಂದು ಬೀದಿ ಹೂಬಿಟ್ಟಿರಬೇಕೆಂದು ಲೆಕ್ಕ ಹಾಕಿ ಮರಗಳನ್ನು ಆರಿಸಿದರು. 1956ರಲ್ಲಿ ಅದೇ ಊರಿನಲ್ಲಿ ಮಣ್ಣಾದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಆ ನಗರದಲ್ಲಿ 15 ಲಕ್ಷ ಸಸಿಗಳನ್ನು ನೆಟ್ಟರು. ಅವರು 2021ರಲ್ಲಿ ತೀರಿಕೊಂಡಾಗ ಅವರು ನೆಟ್ಟ ಮರಗಳ ನೆರಳಿನಲ್ಲಿ ಓಡಾಡುತ್ತಿದ್ದ ಬಹುಮಂದಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಆದರೆ ನೆಟ್ಟದ್ದು ಮರವಾಗಬೇಕಾದರೆ ಮೂವತ್ತು ನಲವತ್ತು ವರ್ಷ ಅದರ ಜಾಗ ಅದರದಾಗಿ ಉಳಿಯಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಮುನ್ನೂರ ಎಂಬತ್ತಕ್ಕೂ ಹೆಚ್ಚು ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ನಮ್ಮನ್ನು ಅಗಲಿದರು. 2019ರಲ್ಲಿ, ಅವರಿಗೆ ಪದ್ಮಶ್ರೀ ಸಂದ ವರ್ಷದಲ್ಲಿಯೇ, ರಸ್ತೆ ಅಗಲೀಕರಣಕ್ಕಾಗಿ ಅದೇ ಮರಗಳಿಗೆ ಕುತ್ತು ಒದಗಿತ್ತು. ಶತಾಯುಷಿಯಾದ ಆ ತಾಯಿ ಸರ್ಕಾರದ ಬಾಗಿಲಿಗೆ ಹೋಗಿ ಮನವಿ ಮಾಡಬೇಕಾಯಿತು. ಅಂದಿನ ಮುಖ್ಯಮಂತ್ರಿಗಳು ಬೇರೆ ಮಾರ್ಗ ಹುಡುಕುವಂತೆ ಸೂಚಿಸಿದ ಮೇಲೆ ಮರಗಳು ಉಳಿದವು. ಪ್ರಶಸ್ತಿ ಪಡೆದ ಕೈ ನೆಟ್ಟ ಮರದ ಗತಿಯೇ ಹೀಗಾದರೆ ಹೆಸರಿಲ್ಲದವರು ನೆಟ್ಟದ್ದರ ಪಾಡೇನು?

ಕೇಳುವವರಿದ್ದರೆ ಉಳಿಯುತ್ತದೆಂಬುದಕ್ಕೆ ಬೆಂಗಳೂರಿನಲ್ಲಿಯೂ ಒಂದು ನಿದರ್ಶನವಿದೆ. ಅಣ್ಣ ಬಸವಣ್ಣನವರ ಹೆಸರಿನ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳನ್ನು ತೆಗೆಯಬೇಕಾಗಿತ್ತು. 2016ರ ಅಕ್ಟೋಬರಿನಲ್ಲಿ ನಾಗರಿಕರು ರಸ್ತೆಯುದ್ದಕ್ಕೂ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಎಲ್ಲ ಕಡೆಯೂ ಹೀಗಾಗುವುದಿಲ್ಲ. 2025ರ ಏಪ್ರಿಲಿನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರಗಳು ಉರುಳಿದ ಮೇಲೆ ಜನ ಸೇರಿ ದುಃಖಿಸಿದರು.

ನೆರಳಿನ ಬೆಲೆಯನ್ನು ಅಳೆದವರೂ ಇದ್ದಾರೆ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರವಿಲ್ಲದ ಬೀದಿಗಿಂತ 5.6 ಡಿಗ್ರಿಯವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿದ್ದುದು ಕಂಡುಬಂತು. ಇದನ್ನು ಸಭೆಯಲ್ಲಿ ಹೇಳಿದಾಗ ಅಡುಗೆಮನೆಯ ಕಡೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಅಡುಗೆಯ ತಾಯಿಯೊಬ್ಬರು, “ಅದಕ್ಕೆ ಅಳತೆ ಯಾಕೆ ಅಯ್ನೋರೇ, ಮದುವೆ ದಿನ ಡ್ರೈವರುಗಳೆಲ್ಲ ಎಲ್ಲಿ ಮಲಗಿರ್ತಾರೆ ನೋಡಿದರೆ ಸಾಲದೇ?” ಎಂದರು. ಅಧ್ಯಕ್ಷರೂ ನಕ್ಕರು.

ಆಮೇಲೆ ಎಲ್ಲರೂ ಎದ್ದು ಮರದ ಬಳಿಗೆ ಹೋದೆವು. ಸುತ್ತಲೂ ಇಂಟರ್‌ಲಾಕ್ ಇಟ್ಟಿಗೆ ಕಾಂಡಕ್ಕೆ ತಾಗಿತ್ತು. ರಸ್ತೆಯ ಬದಿಗೆ ಯಾವುದೋ ಕೇಬಲಿಗಾಗಿ ಹಿಂದೆ ತೋಡಿದ ಗುಂಡಿಯಲ್ಲಿ ತೊಡೆಯ ಗಾತ್ರದ ಒಂದು ಬೇರು ಕತ್ತರಿಸಿಹೋಗಿತ್ತು. ವಿದ್ಯುತ್ ತಂತಿಯ ಕಡೆಯ ಕೊಂಬೆಗಳನ್ನೆಲ್ಲ ಸವರಿದ್ದರಿಂದ ಮರದ ಭಾರವೆಲ್ಲ ಮಂಟಪದ ಕಡೆಗೆ ವಾಲಿತ್ತು. “ಬಿದ್ದರೆ ಯಾರು ಹೊಣೆ?” ಎಂದು ಅಧ್ಯಕ್ಷರು ಕೇಳಿದ್ದು ಆಗಲೇ. ಮರ ಬಿದ್ದು ಪ್ರಾಣಹಾನಿಯಾದ ಪ್ರಸಂಗಗಳು ಉಂಟು. ಈ ಭಯವನ್ನು ನಾವು ಅಲ್ಲಗಳೆಯಲಾರೆವು. ಆದರೆ ಒಂದು ಕಡೆಯ ಬೇರನ್ನೂ ಒಂದು ಕಡೆಯ ಕೊಂಬೆಯನ್ನೂ ಕತ್ತರಿಸಿ, ಮುಂಗಾರು ಪೂರ್ವದ ಗಾಳಿಗೆ ಒಡ್ಡಿ, ಬಿದ್ದ ಮೇಲೆ ಮರವನ್ನೇ ದೂರುವುದು ಯಾವ ನ್ಯಾಯ?

ಇದೇ ಜಿಲ್ಲೆಯ ಸಕಲೇಶಪುರದ ಕಡೆಯ ಕಾಫಿ ತೋಟಗಳನ್ನು ನೋಡಿದವರಿಗೆ ಮರಗಸಿಯೆಂಬ ಮಾತು ಗೊತ್ತು. ಮಳೆಗಾಲಕ್ಕೆ ಮುಂಚೆ ನುರಿತ ಆಳುಗಳು ನೆರಳಿನ ಮರವನ್ನೇರಿ, ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕೆಂದು ಆರಿಸಿ, ಬೆಳಕನ್ನೂ ತೂಕವನ್ನೂ ನಾಲ್ಕು ಕಡೆಗೆ ಸಮ ಮಾಡಿ ಕಸಿಯುತ್ತಾರೆ. ಅದೊಂದು ವಿದ್ಯೆ; ಅದರಲ್ಲಿ ಪ್ರಾಣಭಯವೂ ಇದೆ, ಕೂಲಿಯೂ ಹೆಚ್ಚು. ಪಟ್ಟಣದಲ್ಲಿ ಆ ಕೆಲಸ ತಂತಿ ಕಾಯುವ ಲೈನ್‌ಮನ್ನಿನ ಪಾಲಿಗೆ ಬಿದ್ದಿದೆ. ಅವನ ಕಣ್ಣು ತಂತಿಯ ಮೇಲಿರುತ್ತದೆ, ಮರದ ಮೇಲಲ್ಲ. ಅವನನ್ನು ದೂರಿ ಫಲವಿಲ್ಲ. ಐವತ್ತು ಮೈಲಿಯೊಳಗೆ ಮರಗಸಿ ಬಲ್ಲವರಿರುವಾಗ ನಮ್ಮ ಪುರಸಭೆಗಳು ವರ್ಷಕ್ಕೊಮ್ಮೆ ಅವರನ್ನು ಕರೆಸಬಾರದೇ ಎಂಬುದು ನಮ್ಮ ಪ್ರಶ್ನೆ.

ಕಾನೂನಿನ ವಿಷಯವನ್ನೂ ಸಮಿತಿಗೆ ನೆನಪಿಸಿದೆವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಅಂಗಳದ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ತೆಂಗು ಮುಂತಾದ ಕೆಲವಕ್ಕೆ ವಿನಾಯಿತಿಯಿದೆ, ಹುಣಸೆಗೆ ಇಲ್ಲ. ಐವತ್ತಕ್ಕಿಂತ ಹೆಚ್ಚು ಮರಗಳ ಪ್ರಶ್ನೆಯಾದರೆ ಸಾರ್ವಜನಿಕರ ಆಕ್ಷೇಪಣೆಯನ್ನು ಕರೆಯಬೇಕೆಂಬ ನಿಯಮವೂ ಬಂದಿದೆ. ಒಂಟಿ ಮರಕ್ಕೆ ಆ ಭಾಗ್ಯವಿಲ್ಲ. ಅದರ ಆಕ್ಷೇಪಣೆಯನ್ನು ಸಲ್ಲಿಸುವವರು ಅದರ ಅಕ್ಕಪಕ್ಕದವರೇ ಆಗಬೇಕು.

ಅಂದಿನ ಸಂಜೆ ಒಂದು ಹಗ್ಗ ತಂದು, ತರುಣ ಇಂಜಿನಿಯರರೇ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದರು. ಮುಖ್ಯ ಗೇಟನ್ನು ಹದಿನೈದು ಅಡಿ ಎಡಕ್ಕೆ ಸರಿಸಿದರೆ, ಕಾರುಗಳನ್ನು ಓರೆಯಾಗಿ ನಿಲ್ಲಿಸಿದರೆ, ಮರವಿದ್ದೂ ಇಪ್ಪತ್ತೆರಡು ಕಾರು ಹಿಡಿಯುತ್ತವೆ. ಮರ ತೆಗೆದರೆ ಇಪ್ಪತ್ತೆಂಟು. ಆರು ಕಾರಿನ ವ್ಯತ್ಯಾಸ. ಆ ಆರಕ್ಕೆ ಪಕ್ಕದ ಶಾಲೆಯ ಮೈದಾನವನ್ನು ರಜೆಯ ದಿನಗಳಲ್ಲಿ ಕೇಳೋಣವೆಂದು ಒಬ್ಬರು ಹೇಳಿದರು. ಕಾಂಡದಿಂದ ಆರು ಅಡಿಯವರೆಗೆ ಇಟ್ಟಿಗೆ ಕಿತ್ತು, ಬರಿಯ ಮಣ್ಣು ಬಿಡಬೇಕು, ಸಕಲೇಶಪುರದಿಂದ ಮರಗಸಿಯವರನ್ನು ಕರೆಸಿ ವಾಲಿದ ಕಡೆಯ ಭಾರವನ್ನು ಇಳಿಸಬೇಕು, ಖರ್ಚು ಸಮಿತಿಯದು. ಸಿದ್ಧಾಂತದ ಸದಸ್ಯರು ಕೊನೆಯವರೆಗೂ ಒಪ್ಪಲಿಲ್ಲ. ತಮ್ಮ ಅಸಮ್ಮತಿಯನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿದರು; ಅದು ಅವರ ಹಕ್ಕು.

ಮೊನ್ನೆ ಅಧ್ಯಕ್ಷರ ಫೋನ್ ಬಂದಿತ್ತು. ಇಟ್ಟಿಗೆ ಕಿತ್ತಿದ್ದಾರೆ, ಮರಗಸಿಯೂ ಆಗಿದೆ. ಗೇಟು ಸರಿಸುವ ಕೆಲಸ ಮಾತ್ರ ಹಾಗೆಯೇ ನಿಂತಿದೆ. ಗುತ್ತಿಗೆದಾರ ಹೆಚ್ಚು ಹಣ ಕೇಳುತ್ತಿದ್ದಾನಂತೆ. ರಸ್ತೆಯ ಬದಿಯ ಬೇರು ಕಡಿದ ಜಾಗದಲ್ಲಿ ಈ ಮಳೆಗೆ ಚಿಗುರು ಒಡೆದಿದೆಯೇ ಎಂದು ಕೇಳಿದೆವು. “ನೋಡಿ ಹೇಳುತ್ತೇನೆ ಗುರುಗಳೇ” ಎಂದರು. ಕಾರ್ತೀಕದಲ್ಲಿ ಮತ್ತೊಮ್ಮೆ ಸಭೆಯಿದೆ.